ಪಚ್ಚನಾಡಿಯ ಪ್ಲಾಸ್ಟಿಕ್ ಮನೆ: ಗುಜರಿ ಅಂಗಡಿಯವರೂ ಬೇಡ ಅಂದ ಕಸ ಗೋಡೆಯಾದಾಗ

2020ರ ಕೊನೆಯ ಹೊತ್ತಿಗೆ ಮಂಗಳೂರಿನ ಪಚ್ಚನಾಡಿಯಲ್ಲಿ ಒಂದು ಸಣ್ಣ ಮನೆ ಎದ್ದಿತು. ಕಸ ಆಯ್ದು ಬದುಕುವ ಒಬ್ಬ ಮಹಿಳೆಗೆ ಕಟ್ಟಿಕೊಟ್ಟ ಮನೆ ಅದು. ಪ್ಲಾಸ್ಟಿಕ್ಸ್ ಫಾರ್ ಚೇಂಜ್ ಇಂಡಿಯಾ ಫೌಂಡೇಷನ್ ಅನ್ನುವ ಸಂಸ್ಥೆ, ಹೈದರಾಬಾದಿನ ಒಂದು ನಿರ್ಮಾಣ ಸಂಸ್ಥೆಯ ಜೊತೆ ಸೇರಿ ಕಟ್ಟಿಸಿತು. ಗೋಡೆಗೆ ಹಾಕಿದ್ದು ಕಸದ ಪ್ಲಾಸ್ಟಿಕ್‌ನಿಂದ ಮಾಡಿದ ಹಲಗೆಗಳು. ಸುಮಾರು 60 ಹಲಗೆ, ಒಂದೊಂದಕ್ಕೆ 25 ಕೆಜಿಯಷ್ಟು ಪ್ಲಾಸ್ಟಿಕ್, ಒಟ್ಟು 1,500 ಕೆಜಿ. ಖರ್ಚು ಸುಮಾರು 4.5 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಈ ಥರದ ಮೊದಲ ಮನೆ ಅಂತ ಪತ್ರಿಕೆಗಳಲ್ಲಿ ಬಂತು, ಎಲ್ಲರೂ ಹಂಚಿಕೊಂಡರು, ಆಮೇಲೆ ಮಾತು ತಣ್ಣಗಾಯಿತು.

ನಾನು ಈ ಕಡೆ ಸಣ್ಣಪುಟ್ಟ ಮನೆ, ಶೆಡ್ಡು, ಕೊಟ್ಟಿಗೆ ಕಟ್ಟಿಸುವ ಕೆಲಸ ಮಾಡುತ್ತೇನೆ. ಆ ಸುದ್ದಿ ಬಂದ ಮೇಲೆ ವರ್ಷಕ್ಕೆ ನಾಲ್ಕೈದು ಜನ ಆದರೂ ಕೇಳುತ್ತಾರೆ, ನಮ್ಮದನ್ನೂ ಪ್ಲಾಸ್ಟಿಕ್‌ನಲ್ಲೇ ಕಟ್ಟಬಹುದಾ ಅಂತ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ಆಗುವುದಿಲ್ಲ. ಹಾಗಾಗಿ ಈ ಒಂದು ಮನೆಯನ್ನೇ ಎದುರಿಗಿಟ್ಟುಕೊಂಡು, ನನಗೆ ಗೊತ್ತಿರುವಷ್ಟನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ. ಪಚ್ಚನಾಡಿ ಅಂದರೆ ಮಂಗಳೂರಿನವರಿಗೆ ಕಸದ ಗುಡ್ಡ. ಊರಿನ ಕಸವೆಲ್ಲ ಅಲ್ಲಿಗೇ ಹೋಗುತ್ತದೆ. 2019ರ ಆಗಸ್ಟ್‌ನ ಮಳೆಗೆ ಆ ಗುಡ್ಡ ಜಾರಿ ಕೆಳಗಿನ ಮಂದಾರ ಅನ್ನುವ ಊರಿನ ಮೇಲೆ ಬಂತು. ತೆಂಗು, ಅಡಿಕೆ ತೋಟಗಳು ಕಸದಡಿ ಮುಚ್ಚಿಹೋದವು. ಜನ ಮನೆ ಬಿಟ್ಟು ಹೋಗಬೇಕಾಯಿತು. ಭೂಕುಸಿತ ಕೇಳಿದ್ದೆವು, ಕಸವೇ ಕುಸಿದು ಊರು ಮುಚ್ಚುವುದನ್ನು ನಾವು ಆಗ ಮೊದಲ ಸಲ ಕಂಡೆವು. ಅದಾಗಿ ಒಂದು ವರ್ಷ ಚಿಲ್ಲರೆ ತಿಂಗಳಲ್ಲಿ ಅದೇ ಪಚ್ಚನಾಡಿಯಲ್ಲಿ ಕಸದ ಪ್ಲಾಸ್ಟಿಕ್‌ನಿಂದ ಮನೆ ಎದ್ದಿತು ಅಂದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು, ಈಗಲೂ ಆ ಖುಷಿ ಹೋಗಿಲ್ಲ.

ಆದರೆ ಇಲ್ಲಿ ಎಲ್ಲರೂ ತಪ್ಪಿಸಿಕೊಳ್ಳುವ ಒಂದು ವಿಷಯ ಇದೆ. ಯಾವ ಪ್ಲಾಸ್ಟಿಕ್?

ಯಾವುದಾದರೂ ಗುಜರಿ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡಿ. ನೀರಿನ ಬಾಟಲಿಗೆ ಒಂದು ರೇಟು. ಶಾಂಪೂ ಡಬ್ಬಿ, ಎಣ್ಣೆ ಕ್ಯಾನಿನಂಥ ಗಟ್ಟಿ ಪ್ಲಾಸ್ಟಿಕ್‌ಗೆ ಇನ್ನೊಂದು ರೇಟು. ತೊಳೆದು ಒಣಗಿಸಿದ ಹಾಲಿನ ಕವರಿಗೂ ರೇಟು ಉಂಟು. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಕವರು, ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ ತಂದರೆ ಅದನ್ನು ಪಕ್ಕಕ್ಕೆ ತಳ್ಳುತ್ತಾರೆ. ತಕ್ಕಡಿಗೂ ಹಾಕುವುದಿಲ್ಲ. ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಆಯುವವರಿಗೆ ಇದು ಚೆನ್ನಾಗಿ ಗೊತ್ತು, ಹಾಗಾಗಿ ಅವರು ಅದನ್ನು ಮುಟ್ಟುವುದೇ ಇಲ್ಲ. ಚರಂಡಿಯಲ್ಲಿ ಕೊನೆಗೆ ಉಳಿಯುವುದು ಯಾವಾಗಲೂ ಅದೇ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಅದಕ್ಕೆ ಬೆಲೆ ಇಲ್ಲದ್ದಕ್ಕೂ ಕಾರಣ ಇದೆ. ಒಂದು ಚಿಪ್ಸ್ ಪೊಟ್ಟಣ ಹರಿದು ಬೆಳಕಿಗೆ ಹಿಡಿಯಿರಿ. ಹೊರಗೆ ಅಚ್ಚು ಹಾಕಿದ ಪದರ, ಒಳಗೆ ಬೆಳ್ಳಿಯಂತೆ ಹೊಳೆಯುವ ಅಲ್ಯುಮಿನಿಯಂ, ಅದಕ್ಕೂ ಒಳಗೆ ಶಾಖಕ್ಕೆ ಅಂಟುವ ಇನ್ನೊಂದು ಪದರ. ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್‌ಗಳನ್ನು ಅಂಟಿಸಿ ಮಾಡಿದ್ದು. ಬಿಡಿಸೋಕೆ ಆಗುವುದಿಲ್ಲ. ಕರಗಿಸಿದರೆ ಒಂದು ಕರಗುತ್ತದೆ, ಇನ್ನೊಂದು ಕರಗುವುದಿಲ್ಲ. ಮತ್ತೆ ಪೊಟ್ಟಣ ಮಾಡೋಕೆ ಯಾವ ಕಾರ್ಖಾನೆಗೂ ಬೇಡ. ಸಿಮೆಂಟ್ ಕಾರ್ಖಾನೆಗಳು ಕಲ್ಲಿದ್ದಲಿನ ಬದಲು ಇದನ್ನು ಸುಡುತ್ತವೆ, ಅದೊಂದು ದಾರಿ. ಆದರೆ ನಮ್ಮ ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಇರುವುದು ಕಲಬುರಗಿ ಕಡೆ. ಗಾಳಿ ತುಂಬಿದ ಹಗುರ ಕಸವನ್ನು ಕರಾವಳಿಯಿಂದ ಘಟ್ಟ ಹತ್ತಿಸಿ ಅಲ್ಲಿವರೆಗೆ ಲಾರಿಯಲ್ಲಿ ಸಾಗಿಸುವ ಬಾಡಿಗೆ ಯಾರು ಕೊಡುತ್ತಾರೆ?

ಪಚ್ಚನಾಡಿ ಮನೆಯ ಹಲಗೆಗೆ ಬಳಸಿದ್ದು ಹೀಗೆ ಬೆಲೆಯಿಲ್ಲದ, ಇಲ್ಲವೇ ತೀರಾ ಕಡಿಮೆ ಬೆಲೆಯ ಪ್ಲಾಸ್ಟಿಕ್. ನನ್ನ ಪ್ರಕಾರ ಇಡೀ ಪ್ರಯತ್ನದಲ್ಲಿ ದೊಡ್ಡ ವಿಷಯ ಇದೇ. ಒಂದು ಸಣ್ಣ ಪೊಟ್ಟಣ ನಾಲ್ಕು ಗ್ರಾಂ ಅಂತ ಇಟ್ಟುಕೊಂಡರೂ, 25 ಕೆಜಿಯ ಒಂದು ಹಲಗೆಗೆ ಆರು ಸಾವಿರಕ್ಕೂ ಜಾಸ್ತಿ ಪೊಟ್ಟಣ ಬೇಕು. ಅಷ್ಟನ್ನೂ ಒಬ್ಬರು ಬಗ್ಗಿ ಎತ್ತಬೇಕು. ಎತ್ತಿದ್ದಕ್ಕೆ ದುಡ್ಡು ಸಿಗಬೇಕು.

ಹಲಗೆ ಮಾಡುವ ವಿಧಾನ ಕೇಳೋಕೆ ಸುಲಭ. ಕಸವನ್ನು ವಿಂಗಡಿಸಿ, ಮಣ್ಣು ಜಿಡ್ಡು ತೆಗೆದು, ಒಣಗಿಸಿ, ಯಂತ್ರದಲ್ಲಿ ಚೂರು ಮಾಡುತ್ತಾರೆ. ಆ ಚೂರುಗಳನ್ನು ತಟ್ಟೆಯಲ್ಲಿ ಹರಡಿ ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಆಮೇಲೆ ಒತ್ತಡದಲ್ಲಿಯೇ ತಣ್ಣಗೆ ಮಾಡುತ್ತಾರೆ. ಒಳಗೆ ಆಗುವುದು ಇಷ್ಟು: ಪೊಟ್ಟಣದ ಒಳಪದರದ ತೆಳು ಪಾಲಿಥಿನ್ 110 ಡಿಗ್ರಿ ಆಸುಪಾಸಿನಲ್ಲಿ ಕರಗಿ ಅಂಟಾಗುತ್ತದೆ. ಬಾಟಲಿ ಜಾತಿಯ ಪೆಟ್ ಕರಗೋಕೆ 250 ಡಿಗ್ರಿ ಬೇಕು, ಹಾಗಾಗಿ ಅದು ಮತ್ತು ಅಲ್ಯುಮಿನಿಯಂ ಚೂರುಗಳು ಕರಗದೆ ಹಾಗೇ ಉಳಿದು ಜಲ್ಲಿಯ ಕೆಲಸ ಮಾಡುತ್ತವೆ. ಕಾಂಕ್ರೀಟಿನಲ್ಲಿ ಸಿಮೆಂಟು ಮತ್ತು ಜಲ್ಲಿ ಇದ್ದ ಹಾಗೆ ಅಲ್ವಾ? ಪೊಟ್ಟಣದಿಂದ ಪೊಟ್ಟಣ ಮಾಡುವವರಿಗೆ ಯಾವ ಬೆರಕೆ ತಲೆನೋವೋ ಅದೇ ಬೆರಕೆ ಹಲಗೆ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ.

ಈ ಬಿಸಿಯ ಲೆಕ್ಕ ತಪ್ಪಿದರೆ ಅಪಾಯ ಇದೆ. ಅದಕ್ಕಿಂತ ದೊಡ್ಡ ಅಪಾಯ ಪಿವಿಸಿ. ಹಳೇ ಪೈಪಿನ ಚೂರು, ವೈರಿನ ಹೊದಿಕೆ, ನಮ್ಮ ಊರಿನ ಪ್ರತಿ ಸರ್ಕಲ್ಲಿನಲ್ಲೂ ನೇತಾಡುವ ಫ್ಲೆಕ್ಸ್, ಇವೆಲ್ಲ ಪಿವಿಸಿ. ಅದು ಬಿಸಿ ಪ್ರೆಸ್ಸಿನೊಳಗೆ ಹೋದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಅಂದರೆ ಆಮ್ಲದ ಹೊಗೆ. ಅದನ್ನು ಉಸಿರಾಡುವುದು ಪ್ರೆಸ್ಸಿನ ಎದುರು ನಿಂತ ಹುಡುಗ. ಆದ್ದರಿಂದ ಹಲಗೆ ಎಷ್ಟು ಚೆನ್ನಾಗಿದೆ ಅನ್ನುವುದು ಯಂತ್ರಕ್ಕಿಂತ ಮೊದಲು, ವಿಂಗಡಿಸುವ ಮೇಜಿನ ಮೇಲೆಯೇ ನಿರ್ಧಾರವಾಗಿರುತ್ತದೆ. ಆ ಮೇಜಿನ ಸುತ್ತ ಕೂತ ಹೆಂಗಸರಿಗೆ ಕೈಗವಸು, ಫ್ಯಾನು, ಸರಿಯಾದ ಸಂಬಳ ಇದೆಯಾ ಅಂತ ಕೇಳದೆ ಯಾರೂ ಹಲಗೆ ತಗೊಳ್ಳಬೇಡಿ.

ಈಗ ನನ್ನ ಸ್ವಂತ ಅನುಭವ. ಪಚ್ಚನಾಡಿ ಸುದ್ದಿ ನೋಡಿ ಉಮೇದು ಬಂದು, ಬೇರೆ ಕಡೆಯಿಂದ ಇಂಥದೇ ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಹಲಗೆಗಳನ್ನು ತರಿಸಿ ಬಂಟ್ವಾಳದ ಹತ್ತಿರ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಸೌದೆ ಕೊಟ್ಟಿಗೆ ಕಟ್ಟಿದೆ. ಹಲಗೆ ಬಂದ ದಿನ ಮಕ್ಕಳೆಲ್ಲ ಅದರ ಮೇಲೆ ಬಗ್ಗಿ ಕೂತಿದ್ದರು. ದೂರದಿಂದ ಬೂದು ಬಣ್ಣ, ಹತ್ತಿರ ಹೋದರೆ ನೂರಾರು ಬಣ್ಣದ ಚುಕ್ಕಿ. ಉಗುರಿನಷ್ಟು ಗಾತ್ರದ ಚೂರುಗಳು, ಒಂದರಲ್ಲಿ ಅರ್ಧ ಅಕ್ಷರ, ಇನ್ನೊಂದರಲ್ಲಿ ಬಾರ್‌ಕೋಡಿನ ಎರಡು ಗೆರೆ, ಎಲ್ಲೋ ಒಂದು ಕಡೆ ಹಸಿರು ಚುಕ್ಕಿಯ ಸಸ್ಯಾಹಾರಿ ಗುರುತು ಪೂರ್ತಿ ಉಳಿದಿತ್ತು. ಕೈಯಾಡಿಸಿದರೆ ನುಣುಪು. ಗರಗಸದಲ್ಲಿ ಮರದ ಹಾಗೇ ಕುಯ್ಯಬಹುದು. ಕುಯ್ದ ಬಾಯಲ್ಲಿ ಅಲ್ಯುಮಿನಿಯಂ ಎಳೆಗಳು ಮೀನಿನ ಹುರುಪೆಯಂತೆ ಹೊಳೆಯುತ್ತವೆ.

ಕಬ್ಬಿಣದ ಪೈಪಿನ ಚೌಕಟ್ಟು ವೆಲ್ಡ್ ಮಾಡಿ, ಹಲಗೆಗೆ ಸ್ಕ್ರೂ ಬಿಗಿದೆವು. ಬಿಗಿ ಇದ್ದಷ್ಟು ಒಳ್ಳೆಯದು ಅಂತ ಒಂದಕ್ಕೊಂದು ತಾಗಿಸಿ, ಸುತ್ತಲೂ ಗಟ್ಟಿ ಬಿಗಿದೆವು. ಜನವರಿಯಲ್ಲಿ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಚಿಕ್ಕಮ್ಮನ ಫೋನು. "ಎಂತದು ಮಾರಾಯ ಇದು, ಗೋಡೆಗೆ ಹೊಟ್ಟೆ ಬಂದ ಹಾಗೆ ಉಂಟು. ಒಮ್ಮೆ ಬಂದು ನೋಡು." ಹೋಗಿ ನೋಡಿದರೆ ಪಶ್ಚಿಮದ ಹಲಗೆಗಳು ನಡುವೆ ಉಬ್ಬಿ ನಿಂತಿದ್ದವು, ಎರಡು ಮೂಲೆಯಲ್ಲಿ ಸ್ಕ್ರೂ ಸುತ್ತ ಸೀಳು. ಮಾರಿದವರಿಗೆ ಹೇಳಿದೆ. ಸ್ಕ್ರೂ ಹೇಗೆ ಹಾಕಬೇಕು ಅಂತ ಅವರು ಮೊದಲೇ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಗಿದ್ದು ಇಷ್ಟೇ. ಪಾಲಿಥಿನ್ ಬಿಸಿಗೆ ಉಕ್ಕಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಹಿಗ್ಗುತ್ತದೆ. ಬೆಳಗಿನ ಜಾವಕ್ಕೂ ಮಧ್ಯಾಹ್ನದ ಬಿಸಿಲಿಗೂ ಹಲಗೆಯ ಮೈಯಲ್ಲಿ 30 ಡಿಗ್ರಿ ವ್ಯತ್ಯಾಸ ಬಂದರೆ, ಎಂಟು ಅಡಿಯ ಬರೀ ಪಾಲಿಥಿನ್ ಹಲಗೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಕಬ್ಬಿಣದ ಪೈಪು ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಪೆಟ್, ಅಲ್ಯುಮಿನಿಯಂ ಬೆರೆತಿದ್ದರಿಂದ ನಮ್ಮ ಹಲಗೆ ಇದಕ್ಕಿಂತ ಸ್ವಲ್ಪ ಕಡಿಮೆ ಹಿಗ್ಗಿರಬೇಕು. ಆದರೂ ಹೋಗೋಕೆ ಜಾಗ ಇಲ್ಲದೆ ಹೊರಗೆ ಉಬ್ಬಿತು. ಎಲ್ಲ ಬಿಚ್ಚಿ, ಸ್ಕ್ರೂವಿನ ತೂತುಗಳನ್ನು ಉದ್ದುದ್ದ ಮಾಡಿ, ಅಗಲ ವಾಷರ್ ಹಾಕಿ, ಹಲಗೆಗಳ ನಡುವೆ ಬೆರಳ ದಪ್ಪ ಸಂದು ಬಿಟ್ಟು, ಆ ಸಂದಿಗೆ ಮೇಲಿಂದ ಪಟ್ಟಿ ಮುಚ್ಚಿದೆ. ಆಮೇಲೆ ಉಬ್ಬಲಿಲ್ಲ. ಬಿಚ್ಚುವಾಗ ಇನ್ನೊಂದು ವಿಷಯ ಗಮನಕ್ಕೆ ಬಂತು: ಡ್ರಿಲ್ ಮಾಡಿದ ಪುಡಿ ಮಳೆ ನೀರಿನ ಜೊತೆ ನೇರ ತೋಟಕ್ಕೆ ಹೋಗುತ್ತದೆ. ಕಸದಿಂದ ಎತ್ತಿದ ಪ್ಲಾಸ್ಟಿಕ್ ಅನ್ನು ಪುಡಿ ಮಾಡಿ ಮಣ್ಣಿಗೆ ಕೊಟ್ಟ ಹಾಗಾಯಿತು. ಈಗ ಕೆಳಗೆ ಟಾರ್ಪಾಲು ಹಾಸದೆ ಒಂದು ತೂತೂ ಕೊರೆಯುವುದಿಲ್ಲ.

ಹಲಗೆಯ ಮೇಲೆ ಭಾರ ಹೊರಿಸಲೂ ಬಾರದು. ಪ್ಲಾಸ್ಟಿಕ್ ಕಪಾಟಿನ ಮೇಲೆ ಪುಸ್ತಕ ಜೋಡಿಸಿಟ್ಟರೆ ತಿಂಗಳು ಕಳೆದ ಹಾಗೆ ತಟ್ಟೆ ಜೋಲು ಬೀಳುತ್ತದಲ್ಲ, ಅದೇ ಇಲ್ಲಿಯೂ. ಇವತ್ತು ತಾಳುವ ಭಾರವನ್ನು ಐದು ವರ್ಷ ತಾಳುತ್ತದೆ ಅಂತ ಇಲ್ಲ. ಮಾಡಿನ ಭಾರವನ್ನು ಉಕ್ಕಿನ ಕಂಬವೋ ಕಾಂಕ್ರೀಟೋ ಹೊರಬೇಕು, ಹಲಗೆ ಹೊದಿಕೆ ಆಗಿ ಮಾತ್ರ ಇರಬೇಕು.

ಒಳ್ಳೆಯ ಗುಣಗಳೂ ಕಡಿಮೆ ಇಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಹಲಗೆ ನೀರು ಕುಡಿಯುವುದಿಲ್ಲ. ಗೆದ್ದಲು ಹತ್ತುವುದಿಲ್ಲ. ಪ್ಲೈವುಡ್ ಆಗಿದ್ದರೆ ಎರಡು ಮಳೆಗಾಲಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಬಿಸಿಲು ಮಾತ್ರ ಶತ್ರು. ಬಾವಿಕಟ್ಟೆಯ ಹತ್ತಿರ ವರ್ಷಗಟ್ಟಲೆ ಬಿಟ್ಟ ಪ್ಲಾಸ್ಟಿಕ್ ಬಕೆಟ್ ಮುಟ್ಟಿದರೆ ಪುಡಿಪುಡಿ ಆಗುತ್ತದೆ, ನೋಡಿದ್ದೀರಿ. ಬಣ್ಣ ಹಚ್ಚಿದರೆ ಪಾಲಿಥಿನ್ ಮೇಲೆ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕಿಂತ ಸೂರು ಎರಡಡಿ ಹೊರಗೆ ಚಾಚಿದರೆ ಆಯಿತು. ನಮ್ಮ ಹಿರಿಯರು ಮಣ್ಣಿನ ಗೋಡೆಯನ್ನು ಮಳೆಯಿಂದ ಉಳಿಸಿದ್ದು ಹೀಗೇ. ಪ್ಲಾಸ್ಟಿಕ್ ಗೋಡೆಯನ್ನು ಬಿಸಿಲಿನಿಂದ ಉಳಿಸುವುದಕ್ಕೂ ಅದೇ ಉಪಾಯ.

ಬೆಂಕಿಯ ಬಗ್ಗೆ ನನಗೆ ಯಾವ ರಾಜಿಯೂ ಇಲ್ಲ. ಪಾಲಿಥಿನ್ ಉರಿಯುತ್ತದೆ, ಉರಿಯುತ್ತಾ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಆ ಹನಿಯೂ ಉರಿಯುತ್ತದೆ. ಬೆಂಕಿ ನಿಧಾನ ಮಾಡುವ ರಾಸಾಯನಿಕ ಬೆರೆಸಬಹುದು, ಮಾರುವವರು ಬೆರೆಸಿದ್ದೇವೆ ಅಂತ ಹೇಳಲೂಬಹುದು. ಬಾಯಿ ಮಾತು ಸಾಲದು, ಪರೀಕ್ಷೆಯ ವರದಿ ಕಾಗದದಲ್ಲಿ ಬೇಕು. ಮೈಸೂರಿನಲ್ಲಿ ಸಿಪೆಟ್ ಕೇಂದ್ರ ಇದೆ, ಪ್ಲಾಸ್ಟಿಕ್ ಪರೀಕ್ಷೆ ಅವರ ಕೆಲಸವೇ. ಜನ ಮಲಗುವ ಮನೆಗಾದರೆ ಅಡುಗೆಮನೆಯ ಗೋಡೆ, ವೈರು ಹಾದು ಹೋಗುವ ಗೋಡೆ ಮುರಕಲ್ಲಿನದೋ (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು) ಸಿಮೆಂಟ್ ಬೋರ್ಡಿನದೋ ಆಗಲಿ. ಬಡವರ ಮನೆ ಅಂತ ಇದರಲ್ಲಿ ಬಿಟ್ಟುಕೊಟ್ಟರೆ ಅದು ಅವರಿಗೆ ಮಾಡುವ ದೊಡ್ಡ ಅನ್ಯಾಯ.

ಇನ್ನು ದುಡ್ಡು. 4.5 ಲಕ್ಷ ಅಂದ ತಕ್ಷಣ ಕೆಲವರು ಪ್ಲಾಸ್ಟಿಕ್ ಅಂದರೆ ಇನ್ನೂ ಅಗ್ಗ ಇರಬೇಕಿತ್ತಲ್ಲ ಅನ್ನುತ್ತಾರೆ. ಗೋಡೆ ಯಾವುದರದ್ದಾದರೂ ಪಾಯ, ನೆಲ, ಮಾಡು, ವೈರಿಂಗು, ಕಕ್ಕಸು, ಕೆಲಸದವರ ಕೂಲಿ ಇದ್ದೇ ಇರುತ್ತದೆ. ಕಸ ಬಿಟ್ಟಿ ಸಿಕ್ಕಿದರೂ ಅದನ್ನು ಆಯುವುದು, ತೊಳೆಯುವುದು, ಒಣಗಿಸುವುದು, ಒತ್ತುವುದು ಬಿಟ್ಟಿ ಅಲ್ಲ, ಆಗಲೂಬಾರದು. ಹಲಗೆಯ ನಿಜವಾದ ಲಾಭ ಬೇರೆ ಕಡೆ ಇದೆ. ಕೆಲಸ ಬೇಗ ಮುಗಿಯುತ್ತದೆ. ಮತ್ತೆ, ಗೋಡೆಯನ್ನು ಬಿಚ್ಚಿ ಒಯ್ಯಬಹುದು. ಕಸ ಆಯುವ ಎಷ್ಟೋ ಕುಟುಂಬಗಳಿಗೆ ಜಾಗದ ಹಕ್ಕುಪತ್ರ ಇರುವುದಿಲ್ಲ. ಎಬ್ಬಿಸಿದರೆ ಮುರಕಲ್ಲಿನ ಗೋಡೆ ಅಲ್ಲೇ ಉಳಿಯುತ್ತದೆ. ಸ್ಕ್ರೂ ಹಾಕಿದ ಹಲಗೆ ಲಾರಿಯಲ್ಲಿ ಜೊತೆಗೆ ಹೋಗುತ್ತದೆ. ಹಕ್ಕುಪತ್ರಕ್ಕೆ ಇದು ಬದಲಿ ಅಲ್ಲ, ಆದರೆ ನಾಲ್ಕು ಗೋಡೆಯಾದರೂ ಅವರದ್ದಾಗಿ ಉಳಿಯುತ್ತದೆ.

ಇದರಿಂದ ಪ್ಲಾಸ್ಟಿಕ್ ಸಮಸ್ಯೆ ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 2020-21ರಲ್ಲಿ ದೇಶದಲ್ಲಿ ಆದ ಪ್ಲಾಸ್ಟಿಕ್ ಕಸ ಸುಮಾರು 41 ಲಕ್ಷ ಟನ್. ದಿನಕ್ಕೆ 11,000 ಟನ್ನಿಗೂ ಜಾಸ್ತಿ. ಮನೆಗೆ ಒಂದೂವರೆ ಟನ್ ಅಂದರೆ ದಿನಕ್ಕೆ ಏಳು ಸಾವಿರಕ್ಕೂ ಜಾಸ್ತಿ ಮನೆ ಕಟ್ಟಬೇಕು, ಪ್ರತಿ ದಿನ. ಪೊಟ್ಟಣ ಕಡಿಮೆ ಮಾಡುವ ಕೆಲಸ ಮೊದಲು ಆಗಬೇಕು, ಅದು ಕಂಪನಿಗಳ ಕೆಲಸ. 2022ರ ಫೆಬ್ರವರಿಯಲ್ಲಿ ಬಂದ ನಿಯಮದಲ್ಲಿ ಬಹುಪದರದ ಪ್ಲಾಸ್ಟಿಕ್‌ಗೆ ಪ್ರತ್ಯೇಕ ವರ್ಗವೇ ಇದೆ, ಅದನ್ನು ಮಾರುಕಟ್ಟೆಗೆ ಬಿಟ್ಟವರೇ ವಾಪಸ್ ಸಂಗ್ರಹಿಸುವ ಹೊಣೆ ಹೊರಬೇಕು. ಆ ದುಡ್ಡು ಕಸ ಆಯುವವರ ಕೈವರೆಗೆ ನಿಜವಾಗಿ ಬಂದರೆ ಹಲಗೆಯ ಬೆಲೆಯೂ ಇಳಿಯುತ್ತದೆ, ಅವರ ದಿನದ ಸಂಪಾದನೆಯೂ ಏರುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಪ್ರಶ್ನೆ ಆಗಾಗ ಬರುತ್ತದೆ: ಪ್ಲಾಸ್ಟಿಕ್ ಪುಡಿಯನ್ನು ಕಾಂಕ್ರೀಟಿಗೆ ಹಾಕಬಹುದಾ? ದಕ್ಷಿಣ ಕನ್ನಡದಲ್ಲಿ ಮರಳಿನ ತಾಪತ್ರಯ ಗೊತ್ತಿರುವವರಿಗೆ ಇದು ಆಸೆ ಹುಟ್ಟಿಸುವ ಮಾತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯ ಮತ್ತು ನಮ್ಮ ಪಕ್ಕದ ಗೋವಾ ಎಂಜಿನಿಯರಿಂಗ್ ಕಾಲೇಜಿನವರು ಸೇರಿ ಮಾಡಿದ ಅಧ್ಯಯನ 2018ರಲ್ಲಿ ಬಂತು. ಮರಳಿನಲ್ಲಿ 10 ಶೇಕಡಾ ತೆಗೆದು ಪ್ಲಾಸ್ಟಿಕ್ ಪುಡಿ ಹಾಕಿದರೂ ಬಲ ಹೆಚ್ಚೇನೂ ಇಳಿಯುವುದಿಲ್ಲ ಅಂತ ಅವರು ತೋರಿಸಿದರು. ಆದರೆ ಚೆನ್ನಾಗಿ ಕೆಲಸ ಮಾಡಿದ್ದು ಮರಳಿನಂತೆಯೇ ಅಳತೆ ನೋಡಿ ಅರೆದ ಪೆಟ್ ಬಾಟಲಿಯ ಪುಡಿ. ಪ್ಲಾಸ್ಟಿಕ್ ಜಾಸ್ತಿಯಾದಷ್ಟೂ ಕಾಂಕ್ರೀಟು ದುರ್ಬಲ, ಯಾಕೆಂದರೆ ಸಿಮೆಂಟು ಅದನ್ನು ಹಿಡಿದುಕೊಳ್ಳುವುದಿಲ್ಲ. ಸೈಟಿನಲ್ಲಿ ಅಂದಾಜಿಗೆ ಸುರಿಯುವ ಕೆಲಸ ಇದಲ್ಲ. ಅದಕ್ಕಿಂತ ಮುಖ್ಯವಾಗಿ, ಬಾಟಲಿಗೆ ಗುಜರಿಯಲ್ಲಿ ಈಗಾಗಲೇ ಬೆಲೆ ಇದೆ. ಮತ್ತೆ ಬಾಟಲಿಯೋ ಬಟ್ಟೆಯ ನೂಲೋ ಆಗಬಹುದಾದ್ದನ್ನು ಕಾಂಕ್ರೀಟಿನಲ್ಲಿ ಹೂತರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಡಾಂಬರು ರಸ್ತೆಯ ವಿಷಯ ಬೇರೆ. ಮದುರೈನ ಪ್ರೊಫೆಸರ್ ಆರ್. ವಾಸುದೇವನ್ ತೋರಿಸಿಕೊಟ್ಟ ಹಾಗೆ, ಬಿಸಿ ಜಲ್ಲಿಯ ಮೇಲೆ ತೆಳು ಪ್ಲಾಸ್ಟಿಕ್ ಚೂರು ಹಾಕಿದರೆ ಅದು ಕರಗಿ ಜಲ್ಲಿಗೆ ಪೊರೆಯಾಗುತ್ತದೆ. ಅಲ್ಲಿ ಕ್ಯಾರಿ ಬ್ಯಾಗಿನಂಥ ಬಡ ಪ್ಲಾಸ್ಟಿಕ್‌ಗೇ ಜಾಗ ಸಿಗುತ್ತದೆ.

ಮಂಗಳೂರಿನವನಾಗಿ ಈ ವಿಷಯ ಯೋಚಿಸುವಾಗೆಲ್ಲ ನನಗೆ ಹೆಂಚು ನೆನಪಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗ ಹೆಂಚೂ ಹೊಸ ಸಾಮಾನೇ. ಅದು ದೂರದೂರಕ್ಕೆ ಹೋಗಿ ನಿಂತದ್ದಕ್ಕೆ ಒಂದು ಕಾರಣ, ಒಂದು ಒಡೆದರೆ ಅದನ್ನಷ್ಟೇ ತೆಗೆದು ಇನ್ನೊಂದು ಕೂರಿಸಬಹುದು, ಅದನ್ನು ಮಾಡೋಕೆ ಊರಿನ ಯಾವ ಆಚಾರಿಗೂ ಗೊತ್ತು. ಚಿಕ್ಕಮ್ಮನ ಕೊಟ್ಟಿಗೆಯ ಸೀಳಿದ ಎರಡು ಹಲಗೆಗೆ ಬದಲಿ ಹುಡುಕುವಾಗ ನನಗೆ ಅದೇ ದಪ್ಪದ್ದು ಹತ್ತಿರದಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ತಗಡು ಹಾಕಿದೆ. ಒಂದೇ ಅಳತೆ, ಒಂದೇ ದಪ್ಪ, ಪಕ್ಕದ ಪೇಟೆಯಲ್ಲಿ ಬಿಡಿ ಹಲಗೆ, ಕನ್ನಡದಲ್ಲಿ ಒಂದು ಪುಟದ ಸೂಚನೆ. ಇಷ್ಟು ಆಗುವವರೆಗೆ ಕೊಟ್ಟಿಗೆ, ಕಕ್ಕಸಿನ ಗೋಡೆ, ಒಳಗಿನ ತಡಿಕೆ, ಬಸ್ ಸ್ಟಾಂಡಿನ ಬೆಂಚು, ಇಂಥದ್ದಕ್ಕೆ ಧೈರ್ಯವಾಗಿ ಬಳಸಿ ಅಂತಲೇ ಹೇಳುತ್ತೇನೆ. ಮನೆಯಾದರೆ ಪಚ್ಚನಾಡಿಯಂತೆ ಒಂದು ಸಂಸ್ಥೆ ಜೊತೆಗೆ ನಿಂತು ನೋಡಿಕೊಳ್ಳುವಂತಿದ್ದರೆ ಮಾತ್ರ.

ಇದನ್ನು ಬರೆಯುವ ಮೊದಲು ನಮ್ಮ ಕಡೆಯ ಗುಜರಿ ಅಂಗಡಿಗೆ ಇನ್ನೊಮ್ಮೆ ಹೋಗಿದ್ದೆ. ಚಿಪ್ಸ್ ಪೊಟ್ಟಣ ನೀವು ತಗೊಳ್ಳಬೇಕಾದರೆ ಎಂತ ಆಗಬೇಕು ಅಂತ ಕೇಳಿದೆ. ಅವರು ತಕ್ಕಡಿ ಒರೆಸುತ್ತಾ ಹೇಳಿದರು. "ತಿಂಗಳು ತಿಂಗಳು ಬಂದು ತುಂಬಿಸಿಕೊಂಡು ಹೋಗುವವರು ಉಂಟು ಅಂತಾದರೆ ನಾಳೆಯೇ ಬೇರೆ ಗೋಣಿ ಇಡ್ತೇನೆ ಮಾರಾಯ್ರೆ. ಆಯುವವರಿಗೂ ಹೇಳ್ತೇನೆ, ತನ್ನಿ ಅಂತ. ಒಂದು ಸಲ ತಗೊಂಡು ಆಮೇಲೆ ಬಾರದಿದ್ದರೆ ಆ ಗೋಣಿಯನ್ನು ನಾನು ಎಲ್ಲಿ ಇಡುವುದು, ಹೇಳಿ."